ಮೈಸೂರು ನಗರ ಮತ್ತು ಸೋಂಕುನಿವಾರಣೆ: ಪ್ಲೇಗಿನ ಕಾಲದಿಂದ ಆಸ್ಪತ್ರೆಯ ಕಸದವರೆಗೆ

1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕ ಪ್ಲೇಗು ಬೆಂಗಳೂರನ್ನೂ ಮೈಸೂರು ನಗರವನ್ನೂ ತಲ್ಲಣಗೊಳಿಸಿತು. ರೋಗಿಯ ಮನೆಯನ್ನು ತೆರವು ಮಾಡಿಸುವುದು, ಗೋಡೆ ನೆಲಗಳಿಗೆ ಕ್ರಿಮಿನಾಶಕ ದ್ರವವನ್ನೆರಚುವುದು, ಹಾಸಿಗೆ ಬಟ್ಟೆಗಳನ್ನು ಸುಡುವುದು, ಇವು ಅಂದು ಭಾರತದಲ್ಲಿ ರೂಢಿಯಲ್ಲಿದ್ದ ಕ್ರಮಗಳು. ರೋಗಾಣುವನ್ನು ಯೆರ್ಸಿನ್ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದನು. ಅದು ಹರಡುವ ದಾರಿ ಮಾತ್ರ ನಿಶ್ಚಯವಾಗಿರಲಿಲ್ಲ. ಇಲಿಯ ಚಿಗಟವೇ ವಾಹಕವೆಂದು ಫ್ರೆಂಚ್ ವೈದ್ಯ ಸಿಮಂಡ್ 1898ರಲ್ಲಿ ಸೂಚಿಸಿದುದು ಸರ್ವಸಮ್ಮತವಾಗಲು ಹಲವು ವರ್ಷಗಳು ಹಿಡಿದುವು. ಗೋಡೆಗೆರಚಿದ ದ್ರವವು ಬಿಲದೊಳಗಿನ ಇಲಿಯನ್ನು ಮುಟ್ಟುವಂತಿರಲಿಲ್ಲ. 1903ರಲ್ಲಿ ಸ್ಥಾಪಿತವಾದ ಮೈಸೂರು ನಗರದ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ, ಬೀದಿಗಳನ್ನು ಅಗಲಿಸಿ, ಚರಂಡಿಗಳನ್ನು ಕಟ್ಟಿಸಿದುದು ಮೂಲಕ್ಕೆ ಹೆಚ್ಚು ಸಮೀಪವಾದ ಕಾರ್ಯವೆನ್ನಬೇಕು.

ಸೋಂಕಿನ ದಾರಿಯನ್ನರಿಯದೆ ಔಷಧದಿಂದ ಫಲವಿಲ್ಲವೆಂಬ ಈ ಪಾಠವು ಆಸ್ಪತ್ರೆಯ ಕಸಕ್ಕೂ ಸಲ್ಲುತ್ತದೆ. ಪ್ಲೇಗು ಬಂದ ನೂರು ವರ್ಷಗಳ ತರುವಾಯ, 1998ರಲ್ಲಿ, ಭಾರತ ಸರ್ಕಾರವು ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳನ್ನು ಹೊರಡಿಸಿತು. 2016ರಲ್ಲಿ ಹೊಸ ನಿಯಮಗಳು ಬಂದುವು. ಇಲ್ಲಿ ಸೋಂಕಿನ ದಾರಿಯೆಂದರೆ ಸೂಜಿಯ ಮೊನೆ ಹಾಗೂ ರಕ್ತ. ಆದುದರಿಂದಲೇ ಕಸವನ್ನು ಹುಟ್ಟಿದೆಡೆಯಲ್ಲಿಯೇ ವಿಂಗಡಿಸಬೇಕೆಂಬ ವಿಧಿಯುಂಟು. ರಕ್ತಸಿಕ್ತವಾದ ಹತ್ತಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಕೊಳವೆಗಳು ಕೆಂಪು ಚೀಲಕ್ಕೆ, ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿಗೆ, ಗಾಜು ನೀಲಿ ಗುರುತಿನ ಪೆಟ್ಟಿಗೆಗೆ ಸೇರಬೇಕು. ಹತ್ತಿಯನ್ನು ಸಾಮಾನ್ಯವಾಗಿ ಸುಡುವರು. ಪ್ಲಾಸ್ಟಿಕ್ಕನ್ನು ಆಟೋಕ್ಲೇವಿನ ಒತ್ತಡದ ಹಬೆಯಿಂದ ಶುದ್ಧಗೊಳಿಸುವರು. ಕಸವನ್ನು ಮುಟ್ಟುವ ಸಿಬ್ಬಂದಿಗೆ ಹೆಪಟೈಟಿಸ್-ಬಿ ಮತ್ತು ಧನುರ್ವಾಯುವಿನ ಲಸಿಕೆಗಳನ್ನೂ ನಿಯಮವು ವಿಧಿಸಿದೆ.

ವಾರ್ಡಿನಲ್ಲಿ ತಪ್ಪು ಚೀಲಕ್ಕೆ ಬಿದ್ದ ಒಂದು ಸೂಜಿ ಮೊದಲು ಚುಚ್ಚುವುದು ಆ ಚೀಲವನ್ನೆತ್ತುವ ಜಾಡಮಾಲಿಯ ಕೈಯನ್ನು. ಆಮೇಲೆ ಎಷ್ಟೇ ಹಬೆ ಹಾಯಿಸಿದರೂ ಆ ಗಾಯವು ಇಲ್ಲವಾಗದು.