ಮೇಣದಲ್ಲಿ ಮೂಡಿದ ಮುಖ

ಛಾಯಾಚಿತ್ರವನ್ನು ಹಲಗೆಗೆ ಅಂಟಿಸಿ, ಅದರ ಮೇಲೆ ಕರಗಿದ ಜೇನುಮೇಣವನ್ನು ಪದರಪದರವಾಗಿ ಹರಡಿ, ಮರ, ನೀರು, ಮಂಜುಗಳ ನಡುವೆ ಆತ್ಮದ ಸುಳಿವನ್ನು ಅರಸುವ ಕಲಾವಿದರು ಇಂದು ಪಶ್ಚಿಮ ದೇಶಗಳಲ್ಲಿದ್ದಾರೆ. ಇದನ್ನು ಹೊಸ ಪದ್ಧತಿಯೆಂದು ಎಣಿಸುವವರುಂಟು. ಛಾಯಾಚಿತ್ರವೇನೋ ಹೊಸದು, ಮೇಣ ಹೊಸದಲ್ಲ. ಜಡವಸ್ತುವು ಪರಮಾರ್ಥವನ್ನು ಹೊರಬಲ್ಲುದೇ ಎಂಬ ಪ್ರಶ್ನೆಯಂತೂ ಹೊಸದೇ ಅಲ್ಲ. ಅದಕ್ಕಾಗಿ ಪೌರಸ್ತ್ಯ ಸಭೆಯು ಒಂದು ಶತಮಾನಕ್ಕೂ ಮಿಕ್ಕಿ ಕಾದಾಡಿತು.

ಸೀನಾಯಿ ಬೆಟ್ಟದ ತಪ್ಪಲಿನಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಕಟ್ಟಿಸಿದ ಸಂತ ಕ್ಯಾಥರೀನಳ ಮಠದಲ್ಲಿ ಆರನೆಯ ಶತಮಾನದ ಒಂದು ಕ್ರಿಸ್ತಚಿತ್ರವಿದೆ. ಎತ್ತರ ಸುಮಾರು 84 ಸೆಂಟಿಮೀಟರ್. ಬಣ್ಣದ ಪುಡಿಯನ್ನು ಕರಗಿದ ಮೇಣದಲ್ಲಿ ಬೆರೆಸಿ, ಅದು ಬಿಸಿಯಾಗಿರುವಾಗಲೇ ಹಲಗೆಗೆ ಹಚ್ಚಿ ಇದನ್ನು ರಚಿಸಲಾಗಿದೆ. ಆರಿದರೆ ಮೇಣ ಹೆಪ್ಪುಗಟ್ಟುವುದರಿಂದ ಕೈ ಚುರುಕಾಗಿರಬೇಕು. ತಿದ್ದಬೇಕಾದರೆ ಮತ್ತೆ ಕಾಯಿಸಬೇಕು. ಈಜಿಪ್ಟಿನ ಫಯೂಮ್ ಪ್ರಾಂತದಲ್ಲಿ ಮೃತರ ಮುಖದ ಮೇಲಿಡಲು ಇದೇ ವಿಧಾನದಲ್ಲಿ ಭಾವಚಿತ್ರಗಳನ್ನು ಬರೆಯುತ್ತಿದ್ದರು. ಸತ್ತವರ ನೆನಪಿಗೆ ಬಳಕೆಯಾದ ಕಲೆ ಹೀಗೆ ಜೀವಿಸುವ ಕರ್ತನ ಮುಖಕ್ಕೂ ಸಲ್ಲಿತು. ಆ ಮುಖದ ಒಂದು ಪಾರ್ಶ್ವ ಪ್ರಶಾಂತ. ಇನ್ನೊಂದರಲ್ಲಿ ಹುಬ್ಬು ಏರಿದೆ, ನೋಟ ಕಠಿಣ. ಇದು ಕ್ರಿಸ್ತನ ಎರಡು ಸ್ವಭಾವಗಳ ಸೂಚನೆಯೆಂದು ಕೆಲವರು ಹೇಳುತ್ತಾರೆ. ಚಿತ್ರಕಾರನು ಅಷ್ಟನ್ನೂ ಉದ್ದೇಶಿಸಿದ್ದನೆಂದು ನನಗೆ ತೋರುವುದಿಲ್ಲ. ಮುಂದಿನ ತಲೆಮಾರುಗಳು ಇದರ ಮೇಲೆ ಬೇರೆ ಬಣ್ಣ ಬಳಿದಿದ್ದವು. 1962ರಲ್ಲಿ ಅದನ್ನು ತೆಗೆದಾಗ ಮೂಲದ ಮೇಣ ಬೆಳಕು ಕಂಡಿತು.

ಇದು ಉಳಿದದ್ದಕ್ಕೆ ಒಂದು ವಿಚಿತ್ರ ಕಾರಣವುಂಟು. ಎಂಟನೆಯ ಶತಮಾನದಲ್ಲಿ ಮೂರನೆಯ ಲಿಯೋ ಚಕ್ರವರ್ತಿಯು ಪವಿತ್ರ ಚಿತ್ರಗಳ ನಾಶಕ್ಕೆ ಕೈಹಾಕಿದಾಗ ಸೀನಾಯಿಯು ಮುಸ್ಲಿಂ ಆಳ್ವಿಕೆಯಲ್ಲಿತ್ತು. ಕ್ರೈಸ್ತ ಚಕ್ರವರ್ತಿಯ ಕೈ ಅಲ್ಲಿಗೆ ಚಾಚಲಿಲ್ಲ. ಚಿತ್ರಗಳ ಪರವಾಗಿ ಬರೆದ ದಮಸ್ಕದ ಯೋಹಾನನೂ ಅದೇ ಕಾರಣದಿಂದ ಸುರಕ್ಷಿತನಾಗಿದ್ದನು.

ವಿರೋಧಿಗಳ ವಾದವು ಹಗುರವಾದದ್ದಲ್ಲ. ಎರಡನೆಯ ಆಜ್ಞೆ ಅವರ ಬೆನ್ನಿಗಿತ್ತು. ಚಿತ್ರವು ಕೇವಲ ಶರೀರವನ್ನು ತೋರಿಸಿದರೆ ಕ್ರಿಸ್ತನನ್ನು ವಿಭಾಗಿಸಿದಂತೆ, ದೈವತ್ವವನ್ನೂ ತೋರಿಸಿದರೆ ಅಪರಿಮಿತನನ್ನು ಗೆರೆಯೊಳಗೆ ಕಟ್ಟಿದಂತೆ ಎಂದು 754ರ ಹಿಯೇರಿಯಾ ಸಭೆಯು ವಾದಿಸಿತು. ಯೋಹಾನನ ಉತ್ತರ ಮನುಷ್ಯಾವತಾರದಿಂದ ಹೊರಟಿತು: ಸೃಷ್ಟಿಕರ್ತನೇ ನಮಗೋಸ್ಕರ ಜಡವಸ್ತುವನ್ನು ಧರಿಸಿಕೊಂಡಿರಲಾಗಿ, ಜಡವಸ್ತುವನ್ನು ಆರಾಧಿಸದಿದ್ದರೂ ಗೌರವಿಸಲೇಬೇಕು. 787ರ ಎರಡನೆಯ ನೈಸೀಯ ಸಭೆಯು ಚಿತ್ರಗಳಿಗೆ ಗೌರವವನ್ನೂ ದೇವರೊಬ್ಬನಿಗೇ ಆರಾಧನೆಯನ್ನೂ ವಿಧಿಸಿತು. ಜಗಳ ಮತ್ತೆ ಹೊತ್ತಿಕೊಂಡು 843ರಲ್ಲಷ್ಟೇ ಆರಿತು.

ಈ ಎರಡನೆಯ ಘಟ್ಟದಲ್ಲಿ ಸ್ತೂದಿಯೋಸ್ ಮಠದ ಥಿಯೊಡೋರನು ಬೇರೊಂದು ದಾರಿ ಹಿಡಿದನು. ಮುದ್ರೆಯುಂಗುರವನ್ನು ಮೇಣದಲ್ಲಿ ಒತ್ತಿದರೂ ಜೇಡಿಮಣ್ಣಿನಲ್ಲಿ ಒತ್ತಿದರೂ ಅಚ್ಚು ಒಂದೇ ಎಂಬುದು ಅವನ ದೃಷ್ಟಾಂತ. ಗೌರವ ಸಲ್ಲುವುದು ಅಚ್ಚಿನ ಮೂಲಕ ಕಾಣುವ ವ್ಯಕ್ತಿಗೆ; ಅಚ್ಚನ್ನು ಹೊತ್ತ ವಸ್ತು ಯಾವುದಾದರೂ ಆದೀತು. ನಮ್ಮ ಇತಿಹಾಸ ಪಾಠಗಳಲ್ಲಿ ಈ ಇಬ್ಬರನ್ನೂ ಒಂದೇ ಪಕ್ಷದವರೆಂದು ಜೊತೆಗೂಡಿಸಿ ಮುಗಿಸುತ್ತೇವೆ. ಆದರೆ ಒಬ್ಬನಿಗೆ ಮೇಣ ಬೇಕು, ಇನ್ನೊಬ್ಬನಿಗೆ ಅದು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಛಾಯಾಚಿತ್ರವು ಥಿಯೊಡೋರನ ಅಚ್ಚಿಗೆ ಹತ್ತಿರದ್ದು. ಬೆಳಕೇ ಅಲ್ಲಿ ಉಂಗುರ. 1956ರಿಂದ 1965ರವರೆಗೆ ಮಿಶಿಗನ್, ಪ್ರಿನ್ಸ್‌ಟನ್, ಅಲೆಕ್ಸಾಂಡ್ರಿಯಾ ವಿಶ್ವವಿದ್ಯಾಲಯಗಳ ತಂಡಗಳು ಸೀನಾಯಿಗೆ ಹೋಗಿ ಮಠದ ಚಿತ್ರಗಳ ಛಾಯಾಚಿತ್ರ ತೆಗೆದವು. ಕುರ್ಟ್ ವೈಟ್ಸ್‌ಮನ್ನನ ಗ್ರಂಥಗಳ ಮೂಲಕ ಆ ಮುಖಗಳು ಲೋಕಕ್ಕೆ ಪರಿಚಯವಾದವು. ಕಾಗದದ ಮೇಲೆ ನೋಡಿದ ನಮಗೆ ಮುಖ ದೊರೆಯಿತು, ಮೇಣ ದೊರೆಯಲಿಲ್ಲ. ಛಾಯಾಚಿತ್ರದ ಮೇಲೆ ಮತ್ತೆ ಮೇಣ ಎರೆಯುವ ಈಗಿನ ಕಲಾವಿದರು ಅರಿತೋ ಅರಿಯದೆಯೋ ಯೋಹಾನನ ಕಡೆಗೆ ವಾಲಿದ್ದಾರೆ. ಆದರೆ ಅವರ ಹಲಗೆಯಲ್ಲಿರುವುದು ಮರವೂ ಮಂಜೂ. ಯಾರ ಮುಖವೂ ಅಲ್ಲ. ಹೆಸರಿಡಿದು ಕರೆಯಬಹುದಾದ ಒಬ್ಬ ವ್ಯಕ್ತಿಯಿಲ್ಲದೆ ಗೌರವವು ಯಾರಿಗೆ ಸಲ್ಲಬೇಕೆಂದು ಥಿಯೊಡೋರನು ಅವರನ್ನು ಕೇಳದೆ ಬಿಡುತ್ತಿರಲಿಲ್ಲ.