ಪರದೆಯ ಮೇಲಿನ ಪ್ರಾಣಿಗೊಂದು ಹೆಸರು

ಕಾಡಿನಲ್ಲಿ ಒಂದು ಕುದುರೆ ಮೇಯುತ್ತಿದೆ. ಅದರ ಮೇಲೆ ಮೌಸ್ ಒತ್ತಿದರೆ ‘ಒಂದು ಕುದುರೆ’ ಎಂದಷ್ಟೇ ಇಂಗ್ಲಿಷಿನಲ್ಲಿ ಕಾಣುತ್ತದೆ. ಆಡುವವನು ಹತ್ತಿರ ಹೋಗಿ, ಮತ್ತೆ ಮತ್ತೆ ಪ್ರಯತ್ನಿಸಿ ಅದನ್ನು ಪಳಗಿಸುತ್ತಾನೆ. ಆಮೇಲೆ ಆ ಎರಡು ಪದಗಳನ್ನು ಅಳಿಸಿ ತನಗೆ ಬೇಕಾದ ಹೆಸರನ್ನು ಬರೆಯುತ್ತಾನೆ. ಅಲ್ಲಿಗೆ ಅದು ಯಾವುದೋ ಒಂದು ಕುದುರೆಯಾಗಿ ಉಳಿಯುವುದಿಲ್ಲ.

ಅಮೆರಿಕದ ಟೆಕ್ಸಾಸ್‌ನ ಒರಿಜಿನ್ ಸಿಸ್ಟಮ್ಸ್ ಸಂಸ್ಥೆ 1997ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ ‘ಅಲ್ಟಿಮಾ ಆನ್‌ಲೈನ್’ ಆಟದ ದೃಶ್ಯವಿದು. ರಿಚರ್ಡ್ ಗ್ಯಾರಿಯಟ್ ಕಲ್ಪಿಸಿದ ಬ್ರಿಟಾನಿಯಾ ಎಂಬ ರಾಜ್ಯದಲ್ಲಿ ಸಾವಿರಾರು ಜನ ಇಂಟರ್ನೆಟ್ ಮೂಲಕ ಒಂದೇ ಕಾಲಕ್ಕೆ ಓಡಾಡುತ್ತಿದ್ದರು. ಒಬ್ಬ ಕಮ್ಮಾರ, ಒಬ್ಬ ಮಂತ್ರವಾದಿ, ಮತ್ತೊಬ್ಬ ಪ್ರಾಣಿ ಪಳಗಿಸುವವನು. ವಿದ್ಯೆ ಬಲಿತವನು ಡ್ರ್ಯಾಗನ್ನನ್ನೂ ಪಳಗಿಸಬಲ್ಲ.

ಅಲ್ಲಿ ಹೆಸರು ಬರೀ ಅಲಂಕಾರವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಸಾಕಿದ ಪ್ರಾಣಿಗೆ ಆಜ್ಞೆ ಕೊಡುವುದು ಮಾತಿನ ಮೂಲಕ, ಅಂದರೆ ಟೈಪ್ ಮಾಡುವ ಮೂಲಕ. ಹೆಸರು ಬರೆದು ಮುಂದೆ ‘ಬಾ’, ‘ನಿಲ್ಲು’, ‘ಕೊಲ್ಲು’ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಆ ಹೆಸರಿನ ಪ್ರಾಣಿ ಮಾತು ಕೇಳುತ್ತದೆ. ಹೆಸರು ಉದ್ದವಾದಷ್ಟೂ ಪೇಚಾಟ. ಎದುರಿಗೆ ವೈರಿ ಕತ್ತಿ ಬೀಸುತ್ತಿರುವಾಗ ಹದಿನೈದು ಅಕ್ಷರ ಟೈಪ್ ಮಾಡುತ್ತ ಕೂರಲು ಯಾರಿಗೆ ಪುರುಸೊತ್ತು? ಹೀಗೆ ಲಗಾಮಿನಂತೆ ಬಳಕೆಗೆ ಬಂದ ಹೆಸರು, ದಿನಕ್ಕೆ ನೂರು ಸಲ ಕರೆದೂ ಕರೆದೂ ಸಲಿಗೆಯ ಹೆಸರಾಯಿತು.

ಆದರೆ ಆರಂಭದ ವರ್ಷಗಳಲ್ಲಿ ಆ ಪ್ರಾಣಿ ಸತ್ತರೆ ಸತ್ತಂತೆಯೇ. ಆಡುವವನ ಪಾತ್ರ ಸತ್ತರೆ ದೆವ್ವವಾಗಿ ಅಲೆದು ಮತ್ತೆ ಜೀವ ಪಡೆಯಬಹುದಿತ್ತು. ಅವನ ಕುದುರೆಗೆ ಆ ಭಾಗ್ಯವಿರಲಿಲ್ಲ. ಮುಂದೆ ಆಟದಲ್ಲಿ ‘ಬಾಂಡಿಂಗ್’ ಎಂಬ ಏರ್ಪಾಡು ಬಂತು. ಪ್ರಾಣಿಗೆ ಮೇವು ಹಾಕಬೇಕು, ಏಳು ದಿನ ಕಾಯಬೇಕು, ಮತ್ತೆ ಮೇವು ಹಾಕಬೇಕು. ಈ ಏಳು ದಿನ ನಮ್ಮ ಪಂಚಾಂಗದ ಏಳು ದಿನ, ಆಟದ್ದಲ್ಲ! ಆಮೇಲೆ ಅದು ಸತ್ತರೂ ಅದರ ದೆವ್ವ ಒಡೆಯನನ್ನು ಹಿಂಬಾಲಿಸುತ್ತದೆ, ಪಶುವೈದ್ಯ ಕಲಿತವರು ಅದನ್ನು ಬದುಕಿಸುತ್ತಾರೆ. ಹೆಸರಿಟ್ಟು ಸಾಕಿದ್ದನ್ನು ಸುಲಭವಾಗಿ ಬಿಟ್ಟುಕೊಡಲು ಜನ ಸಿದ್ಧರಿರುವುದಿಲ್ಲ ಎಂಬುದನ್ನು ಆಟ ಒಪ್ಪಿಕೊಂಡಂತೆ ಇದು ಎಂದು ನನಗೆ ತೋರುತ್ತದೆ.

ಹೆಸರಿಡುವ ಸ್ವಾತಂತ್ರ್ಯವನ್ನು ಎಲ್ಲರೂ ಒಂದೇ ರೀತಿ ಕೊಡಲಿಲ್ಲ. 1999ರಲ್ಲಿ ಆರಂಭವಾದ ‘ನಿಯೋಪೆಟ್ಸ್’ ಎಂಬ ಪ್ರಾಣಿ ಸಾಕುವ ತಾಣದಲ್ಲಿ ಒಂದು ಹೆಸರು ಒಂದೇ ಪ್ರಾಣಿಗೆ. ಒಳ್ಳೆಯ ಹೆಸರುಗಳನ್ನು ಮೊದಲು ಬಂದವರು ಹಿಡಿದರು, ತಡವಾಗಿ ಬಂದವರ ಪ್ರಾಣಿಗಳ ಹೆಸರಿನ ಹಿಂದೆ ಅಂಕಿಗಳ ಬಾಲ ಬೆಳೆಯಿತು. 2002ರಲ್ಲಿ ಜಪಾನಿನಲ್ಲಿ ಹೊರಬಂದ ‘ಫೈನಲ್ ಫ್ಯಾಂಟಸಿ 11’ ಆಟದಲ್ಲಂತೂ ಯೋಧನ ಜೊತೆಗಾರನಾದ ವೈವರ್ನ್ ಎಂಬ ರೆಕ್ಕೆಯ ಡ್ರ್ಯಾಗನ್ನಿಗೆ ಸಿದ್ಧಪಟ್ಟಿಯಿಂದಲೇ ಹೆಸರು ಆರಿಸಬೇಕು. ಜಪಾನಿಯರೂ ಇಂಗ್ಲಿಷ್ ಮಾತಾಡುವವರೂ ಒಂದೇ ಲೋಕದಲ್ಲಿ ಆಡುತ್ತಿದ್ದ ಆಟ ಅದು. ಪಟ್ಟಿ ಇದ್ದರೆ ಬೈಗುಳದ ಹೆಸರಿನ ತಂಟೆಯಿಲ್ಲ, ನಿಜ. ಆದರೆ ಪಟ್ಟಿಯಿಂದ ಆರಿಸಿದ ಹೆಸರಿನಲ್ಲಿ ಇಟ್ಟವನ ಗುರುತು ಎಷ್ಟು ಉಳಿದೀತು?

2004ರ ನವೆಂಬರ್‌ನಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ನಡುದಾರಿ ಹಿಡಿಯಿತು. ಬೇಟೆಗಾರನು ಹತ್ತನೇ ಹಂತ ತಲುಪಿದಾಗ ಒಂದು ಪ್ರಾಣಿಯನ್ನು ಪಳಗಿಸಬಹುದಿತ್ತು, ಇಷ್ಟಬಂದ ಹೆಸರನ್ನೂ ಇಡಬಹುದಿತ್ತು, ಆದರೆ ಒಂದೇ ಸಲ. ಅವಸರದಲ್ಲಿ ಕಾಗುಣಿತ ತಪ್ಪಿದರೆ ಆ ತಪ್ಪೇ ಶಾಶ್ವತ. ವರ್ಷಗಳ ನಂತರವಷ್ಟೇ ‘ಒಡೆತನದ ಪ್ರಮಾಣಪತ್ರ’ ಎಂಬ ವಸ್ತುವಿನಿಂದ ಹೆಸರು ತಿದ್ದುವ ದಾರಿ ತೆರೆಯಿತು. ಹಸುಗೂಸಿಗೆ ಹೆಸರಿಡುವವರಂತೆ ಜನ ಯೋಚಿಸಿ ಇಡಲಿ ಎಂಬ ಉದ್ದೇಶ ಇತ್ತೋ ಏನೋ, ಆ ಕಟ್ಟುನಿಟ್ಟಿನಲ್ಲಿ ಒಂದು ಅಂದವಂತೂ ಇದೆ.

ಆದರೆ ಹೆಸರಿಟ್ಟ ಮಾತ್ರಕ್ಕೆ ಪ್ರಾಣಿ ನಮ್ಮದಾಗುತ್ತದೆಯೇ? ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಆಡಿದವರನ್ನು ಕೇಳಬೇಕು. 2003ರಲ್ಲಿ ಆರಂಭವಾದ ಈ ಆಟದಲ್ಲಿ ಪ್ರಾಣಿ ಸಾಕುವುದೇ ಒಂದು ವೃತ್ತಿ. ಮರಿಯನ್ನು ಹಿಡಿದು ತಂದು ಬೆಳೆಸಿ, ಆಡುವವನು ತಾನೇ ಆರಿಸಿದ ಮಾತುಗಳಲ್ಲಿ ಅದಕ್ಕೆ ಆಜ್ಞೆಗಳನ್ನು ಕಲಿಸುತ್ತಿದ್ದ. 2005ರ ನವೆಂಬರ್‌ನಲ್ಲಿ ಸಂಸ್ಥೆ ಆಟದ ನಿಯಮಗಳನ್ನೇ ಬದಲಿಸಿ ಆ ವೃತ್ತಿಯನ್ನು ತೆಗೆದುಹಾಕಿತು. ಎರಡು ವರ್ಷ ಕಲಿಸಿದ ಮಾತುಗಳೆಲ್ಲ ಒಂದೇ ದಿನದಲ್ಲಿ ವ್ಯರ್ಥ. ಮುಂದೆ ಬೇರೊಂದು ರೂಪದಲ್ಲಿ ಪ್ರಾಣಿ ಸಾಕುವ ವಿದ್ಯೆ ಮರಳಿ ಬಂದಿತಾದರೂ, 2011ರ ಡಿಸೆಂಬರ್ 15ರಂದು ಆಟದ ಸರ್ವರ್‌ಗಳನ್ನೇ ನಿಲ್ಲಿಸಲಾಯಿತು. ಅಲ್ಟಿಮಾದ ಬ್ರಿಟಾನಿಯಾದಲ್ಲಿ ಮಾತ್ರ ಇಂದಿಗೂ ಯಾರೋ ಒಬ್ಬರು ಟೈಪ್ ಮಾಡಿ ತಮ್ಮ ಕುದುರೆಯನ್ನು ಹೆಸರು ಹಿಡಿದು ಕರೆಯುತ್ತಿದ್ದಾರೆ.