ಚುನಾವಣೆಯ ಆಪಾದನೆಗಳೂ ಮಾನಹಾನಿಯ ವ್ಯಾಜ್ಯಗಳೂ: ಬೆಂಗಳೂರಿನ ಕೆಲವು ನಿದರ್ಶನಗಳು

ಪ್ರಜಾಪ್ರಭುತ್ವದಲ್ಲಿ ಚುನಾವಣೆಯ ಫಲವನ್ನು ಗೆದ್ದವನಂತೆ ಸೋತವನೂ ಒಪ್ಪಿಕೊಳ್ಳಬೇಕಾಗುತ್ತದೆ. ಆ ಒಪ್ಪಿಗೆಗೆ ಆಧಾರವಾದುದು ಮತದಾನದ ಮೇಲಿನ ವಿಶ್ವಾಸ. ಆದುದರಿಂದ ಚುನಾವಣೆಯಲ್ಲಿ ಮೋಸ ನಡೆಯಿತೆಂಬ ಮಾತು ಪ್ರಕಟವಾದಾಗ, ಅದು ನಿಜವಾಗಿದ್ದರೆ ಮುಚ್ಚಿಡುವುದೂ ಸುಳ್ಳಾಗಿದ್ದರೆ ಹರಡುವುದೂ ಸಮಾನವಾಗಿ ಅಪಾಯಕರ. ಅಂಥ ಮಾತಿನ ಸತ್ಯಾಸತ್ಯತೆಯನ್ನು ಯಾವ ನ್ಯಾಯಸ್ಥಾನ ನಿರ್ಣಯಿಸಬೇಕು? ಮಾನಹಾನಿಯ ವ್ಯಾಜ್ಯದಿಂದ ಆ ಕಾರ್ಯ ಸಾಧ್ಯವೆ? ಈ ಪ್ರಶ್ನೆಗಳನ್ನು ಬೆಂಗಳೂರಿನ ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ 1881ರಲ್ಲಿಯೇ ಸ್ಥಾಪಿತವಾಯಿತು. ಆದರೆ ಸಭೆಯ ಬೆಳವಣಿಗೆಯೊಡನೆ ಪತ್ರಿಕಾಸ್ವಾತಂತ್ರ್ಯ ಬೆಳೆಯಲಿಲ್ಲ. ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಜಾರಿಗೆ ಬಂದ ವೃತ್ತಪತ್ರಿಕೆಗಳ ಕಾನೂನು ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಅವಶ್ಯವೆಂದು ವಿಧಿಸಿತು. ಇದನ್ನು ಪ್ರತಿಭಟಿಸಿ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಂದು ಅಧಿಕಾರದ ಮಾನವನ್ನು ಅಧಿಕಾರವೇ ಕಾಯ್ದುಕೊಳ್ಳುತ್ತಿತ್ತು. ಗಣರಾಜ್ಯದಲ್ಲಿ ಈ ಸ್ಥಿತಿ ಬದಲಾಯಿತು. ತಮಿಳಿನ ‘ನಕ್ಕೀರನ್’ ಪತ್ರಿಕೆಯ ಸಂಪಾದಕ ರಾಜಗೋಪಾಲರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1994ರಲ್ಲಿ, ಸರ್ಕಾರವಾಗಲಿ ಸರ್ಕಾರದ ಅಧಿಕಾರವನ್ನು ಚಲಾಯಿಸುವ ಸಂಸ್ಥೆಗಳಾಗಲಿ ಮಾನನಷ್ಟಕ್ಕಾಗಿ ಪರಿಹಾರದ ದಾವೆ ಹೂಡಲಾರವೆಂದು ತೀರ್ಮಾನಿಸಿತು.

ಈ ತೀರ್ಮಾನದ ಮಹತ್ತ್ವ ಅಮೆರಿಕದ ಒಂದು ವ್ಯಾಜ್ಯದೊಡನೆ ಹೋಲಿಸಿದಾಗ ಸ್ಪಷ್ಟವಾಗುತ್ತದೆ. 2020ರ ಅಧ್ಯಕ್ಷ ಚುನಾವಣೆಯಲ್ಲಿ ಡೊಮಿನಿಯನ್ ಎಂಬ ಖಾಸಗಿ ಕಂಪನಿಯ ಮತಯಂತ್ರಗಳು ಮತಗಳನ್ನು ಬದಲಿಸಿದುವೆಂಬ ಆಪಾದನೆಯನ್ನು ಫಾಕ್ಸ್ ವಾರ್ತಾವಾಹಿನಿ ಪ್ರಸಾರಮಾಡಿತು. ಕಂಪನಿಯು 2021ರಲ್ಲಿ ಡೆಲವೇರ್ ರಾಜ್ಯದ ನ್ಯಾಯಾಲಯದಲ್ಲಿ 160 ಕೋಟಿ ಡಾಲರುಗಳ ದಾವೆ ಹೂಡಿತು. ಆ ಹೇಳಿಕೆಗಳು ಸುಳ್ಳೆಂದು ನ್ಯಾಯಾಧೀಶರು 2023ರ ಮಾರ್ಚಿಯಲ್ಲಿ ನಿರ್ಣಯಿಸಿದರು. ಮುಂದಿನ ತಿಂಗಳು ವಾಹಿನಿಯು 78 ಕೋಟಿ 75 ಲಕ್ಷ ಡಾಲರು ತೆತ್ತು ರಾಜಿಮಾಡಿಕೊಂಡಿತು. ಯಂತ್ರದ ಒಡೆತನ ಖಾಸಗಿಯಾಗಿದ್ದುದರಿಂದಲೇ ಮತಯಂತ್ರದ ಮಾನವನ್ನು ಕುರಿತ ಇಂಥ ದಾವೆ ಸಾಧ್ಯವಾಯಿತು. ನಮ್ಮಲ್ಲಿ ಮತಯಂತ್ರಗಳನ್ನು ತಯಾರಿಸುವವು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಎಂಬ ಸರ್ಕಾರಿ ಉದ್ಯಮಗಳು. ಚುನಾವಣೆಯನ್ನು ನಡೆಸುವುದು ಸಂವಿಧಾನಾತ್ಮಕವಾದ ಆಯೋಗ. ಡೊಮಿನಿಯನ್ನಿನಂಥ ಖಾಸಗಿ ಫಿರ್ಯಾದಿಗೆ ಇಲ್ಲಿ ಎಡೆಯಿಲ್ಲ.

ನಮ್ಮ ಶಾಸನಗಳ ದೃಷ್ಟಿಯೂ ಬೇರೆಯಾದುದೇ. 1920ರಲ್ಲಿ ದಂಡಸಂಹಿತೆಗೆ ಸೇರಿ 2024ರವರೆಗೆ ಜಾರಿಯಲ್ಲಿದ್ದ 171-ಜಿ ಪ್ರಕರಣವಾಗಲಿ, 1951ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ 123(4) ಪ್ರಕರಣವಾಗಲಿ ನಿಷೇಧಿಸುವುದು ಅಭ್ಯರ್ಥಿಯ ವೈಯಕ್ತಿಕ ಶೀಲ ಅಥವಾ ನಡತೆಯನ್ನು ಕುರಿತ ಸುಳ್ಳುಹೇಳಿಕೆಯನ್ನು. ಮತಪೆಟ್ಟಿಗೆಯನ್ನು ಕುರಿತ ಸುಳ್ಳು ಅವುಗಳ ವ್ಯಾಪ್ತಿಗೆ ಬರುವುದಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮಾನಹಾನಿಯ ಅಪರಾಧವೂ ಮುಖ್ಯವಾಗಿ ಹೆಸರುಳ್ಳವರ ರಕ್ಷಣೆಗೇ ಇರುವುದು. ಒಟ್ಟಿನಲ್ಲಿ ಮಾನಹಾನಿಯ ಕಾನೂನು ಅಭ್ಯರ್ಥಿಯನ್ನು ಕಾಯುತ್ತದೆ, ಮತವನ್ನಲ್ಲ.

ಈ ರಕ್ಷಣೆ ಚುನಾವಣೆಯ ಕಾಲದಲ್ಲಿ ಹೇಗೆ ವರ್ತಿಸುತ್ತದೆಂಬುದಕ್ಕೆ ಬಸವನಗುಡಿಯನ್ನೊಳಗೊಂಡ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ 2019ರಲ್ಲಿ ನಡೆದ ಪ್ರಸಂಗ ಉತ್ತಮ ನಿದರ್ಶನ. ಅಲ್ಲಿನ ಅಭ್ಯರ್ಥಿ ತೇಜಸ್ವಿ ಸೂರ್ಯ ಅವರು ಹೂಡಿದ ದಾವೆಯಲ್ಲಿ, ಅವರ ಮಾನಕ್ಕೆ ಕುಂದು ತರುವಂಥ ವಿಷಯವನ್ನು ಪ್ರಕಟಿಸಕೂಡದೆಂದು ನಗರ ಸಿವಿಲ್ ನ್ಯಾಯಾಲಯವು ಮಾರ್ಚಿ 29ರಂದು 49 ಮಾಧ್ಯಮ ಸಂಸ್ಥೆಗಳಿಗೆ ಏಕಪಕ್ಷೀಯ ತಡೆಯಾಜ್ಞೆ ನೀಡಿತು. ಚುನಾವಣಾ ಸುಧಾರಣೆಗಾಗಿ ದುಡಿಯುವ ಒಂದು ಸಂಸ್ಥೆಯು ಇದನ್ನು ಪ್ರಶ್ನಿಸಿತು. ಏಪ್ರಿಲ್ 12ರಂದು ಉಚ್ಚ ನ್ಯಾಯಾಲಯವು ಆಜ್ಞೆಯನ್ನು ರದ್ದುಪಡಿಸಿತು. ಮತದಾನ ನಡೆದುದು ಏಪ್ರಿಲ್ 18ರಂದು. ನ್ಯಾಯದ ಲೆಕ್ಕದಲ್ಲಿ ಎರಡು ವಾರ ಅತ್ಯಲ್ಪ ಕಾಲ. ಆದರೆ ಚುನಾವಣೆಯ ಲೆಕ್ಕದಲ್ಲಿ, ತಡೆಯಾಜ್ಞೆಯಿಂದ ಮತದಾನದವರೆಗಿನ ಇಪ್ಪತ್ತು ದಿನಗಳಲ್ಲಿ ಹದಿನಾಲ್ಕು ಕಳೆದುಹೋಗಿದ್ದುವು. ಇದಕ್ಕೆ ವ್ಯತಿರಿಕ್ತವಾಗಿ, ಚುನಾವಣೆಯ ಅಕ್ರಮವನ್ನು ವಿಚಾರಿಸುವ ಚುನಾವಣಾ ತಕರಾರು ಅರ್ಜಿಯನ್ನು ಫಲಿತಾಂಶ ಬಂದ ಮೇಲೆ, 45 ದಿನಗಳೊಳಗಾಗಿ, ಉಚ್ಚ ನ್ಯಾಯಾಲಯಕ್ಕೆ ಸಲ್ಲಿಸಬೇಕು. ವ್ಯಕ್ತಿಯ ಮಾನಕ್ಕೆ ಪರಿಹಾರ ಮತದಾನಕ್ಕೆ ಮುನ್ನವೇ ದೊರೆಯಬಹುದು. ಮತದ ಮಾನಕ್ಕೆ ಆ ನಂತರವೇ.

ಮಾನಹಾನಿಯ ವ್ಯಾಜ್ಯವಿಲ್ಲದೆಯೂ ಆಪಾದನೆಯೊಂದರ ಪರೀಕ್ಷೆ ನಡೆಯಬಹುದೆಂಬುದಕ್ಕೆ 2022ರ ಪ್ರಸಂಗ ಸಾಕ್ಷಿ. ಮಲ್ಲೇಶ್ವರದಲ್ಲಿ ಕಚೇರಿ ಹೊಂದಿದ್ದ ಒಂದು ಸ್ವಯಂಸೇವಾ ಸಂಸ್ಥೆಯು ಮತದಾರರಲ್ಲಿ ಜಾಗೃತಿ ಮೂಡಿಸುವ ಹೆಸರಿನಲ್ಲಿ ಅವರ ವಿವರಗಳನ್ನು ಸಂಗ್ರಹಿಸಿತೆಂದು ಆ ವರ್ಷದ ನವೆಂಬರಿನಲ್ಲಿ ಮಾಧ್ಯಮಗಳು ವರದಿಮಾಡಿದುವು. ಪೊಲೀಸರು ಮೊಕದ್ದಮೆ ದಾಖಲಿಸಿದರು. ಶಿವಾಜಿನಗರ, ಚಿಕ್ಕಪೇಟೆ ಮತ್ತು ಮಹದೇವಪುರ ಕ್ಷೇತ್ರಗಳ ಪಟ್ಟಿಗಳಲ್ಲಿ ಸೇರಿಸಿದ ಹಾಗೂ ತೆಗೆದುಹಾಕಿದ ಹೆಸರುಗಳನ್ನು ಪುನಃ ಪರಿಶೀಲಿಸುವಂತೆ ಆಯೋಗವು ಆಜ್ಞಾಪಿಸಿತು. ಇಲ್ಲಿ ವರದಿಗೆ ದೊರೆತ ಉತ್ತರ ಪಟ್ಟಿಯ ಪರಿಶೋಧನೆ.

2025ರ ಆಗಸ್ಟ್ 7ರಂದು ರಾಹುಲ್ ಗಾಂಧಿಯವರು, ಹಿಂದಿನ ವರ್ಷದ ಲೋಕಸಭಾ ಚುನಾವಣೆಯ ಮಹದೇವಪುರದ ಪಟ್ಟಿಯಲ್ಲಿ ಲಕ್ಷಕ್ಕೂ ಮೀರಿದ ಅಕ್ರಮ ಮತಗಳಿದ್ದುವೆಂದು ಆಪಾದಿಸಿದಾಗ ಮತ್ತೊಂದು ಮಾರ್ಗ ಕಾಣಿಸಿತು. ಆಯೋಗವು ಆಪಾದನೆಯನ್ನು ಅಲ್ಲಗಳೆಯಿತು. ರಾಜ್ಯದ ಮುಖ್ಯ ಚುನಾವಣಾಧಿಕಾರಿಯು ಪ್ರಮಾಣಪೂರ್ವಕವಾದ ಲಿಖಿತ ಘೋಷಣೆಯನ್ನು ಕೇಳಿದರು. ಮತಯಂತ್ರ ತಪ್ಪು ಚೀಟಿ ತೋರಿತೆಂದು ದೂರುವ ಮತದಾರನಿಂದಲೂ ನಿಯಮಗಳು ಲಿಖಿತ ಘೋಷಣೆಯನ್ನೇ ಕೇಳುತ್ತವೆ. ದೂರು ಸುಳ್ಳಾದರೆ ದಂಡನೆಯುಂಟು. ಸುಳ್ಳನ್ನು ತಡೆಯಲು ಪ್ರಮಾಣ ಉಪಯುಕ್ತವೇನೋ ಹೌದು. ಆದರೆ ಪ್ರಮಾಣದ ಭಾರವೆಲ್ಲ ದೂರುವವನ ಮೇಲೂ ದಾಖಲೆಗಳೆಲ್ಲ ದೂರಿಗೆ ಗುರಿಯಾದವರ ಕೈಯಲ್ಲೂ ಇರುವಾಗ ಸತ್ಯ ಹೊರಬೀಳುವುದು ಕಷ್ಟ.

ಈ ನಿದರ್ಶನಗಳಿಂದ ಒಂದು ನಿರ್ಣಯಕ್ಕೆ ಬರಬಹುದು. ಅಮೆರಿಕದ ವ್ಯಾಜ್ಯದ ನಿಜವಾದ ಲಾಭ ಪರಿಹಾರದ ಮೊತ್ತಕ್ಕಿಂತಲೂ ಹೆಚ್ಚಾಗಿ, ವಾಹಿನಿಯ ಒಳಗಿನ ಪತ್ರವ್ಯವಹಾರ ಬಯಲಿಗೆ ಬಂದುದರಲ್ಲಿದೆ. ಆಪಾದನೆಯನ್ನು ಒಳಗಿನವರೇ ನಂಬಿರಲಿಲ್ಲವೆಂಬುದು ಅದರಿಂದ ತಿಳಿದುಬಂದಿತು. ನಮಗೆ ಬೇಕಾದುದೂ ಇಂಥ ದಾಖಲೆಗಳ ಬಹಿರಂಗ ಪರೀಕ್ಷೆಯೇ. ಏಕಪಕ್ಷೀಯ ತಡೆಯಾಜ್ಞೆಗಳಿಂದ ಅದು ಸಾಧ್ಯವಾಗದು. ಮತದಾರರ ಪಟ್ಟಿಗಳೂ ನ್ಯಾಯಾಲಯದ ಕಡತಗಳೂ ಸುರಕ್ಷಿತವಾಗಿ ಉಳಿದು ಸಾರ್ವಜನಿಕರಿಗೆ ದೊರೆಯುವಂತಿದ್ದರೆ ಮಾತ್ರ, ಸೋತವನು ಫಲವನ್ನು ಒಪ್ಪಲು ಕಾರಣವಿರುತ್ತದೆ. ಮುಂದಿನ ಚರಿತ್ರಕಾರನಿಗೂ ಆಧಾರವಿರುತ್ತದೆ.